ಚೀಟಿ, ಪಂಕ್ತಿ, ದಾಖಲೆ: ಮೆಥಡಿಸ್ಟ್ ಸಭೆಗೆ ಸೇರುವುದೆಂದರೆ



ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚಿನಲ್ಲಿ ಸದಸ್ಯರಾಗುವ ವಿಧಿ ಹೆಚ್ಚು ಹೊತ್ತು ಹಿಡಿಯುವಂಥದ್ದಲ್ಲ. ಭಾನುವಾರದ ಆರಾಧನೆಯ ಒಂದು ಘಟ್ಟದಲ್ಲಿ ಸೇರಬಯಸುವವರು ಸಭೆಯ ಮುಂದೆ ಬಂದು ನಿಲ್ಲುತ್ತಾರೆ. ದೀಕ್ಷಾಸ್ನಾನ ಆಗಿರದಿದ್ದರೆ ಆಗ ಮಾಡಿಸುತ್ತಾರೆ. ಹಸುಗೂಸಾಗಿದ್ದಾಗ ಆಗಿದ್ದರೂ ಅದು ಸಲ್ಲುತ್ತದೆ, ಮತ್ತೊಮ್ಮೆ ಬೇಕಿಲ್ಲ. ಸಭಾಪಾಲಕರು ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ಕೇಡನ್ನು ತೊರೆಯುವಿರಾ, ಕ್ರಿಸ್ತನನ್ನು ಒಪ್ಪಿಕೊಳ್ಳುವಿರಾ, ಅನ್ಯಾಯವೂ ದಬ್ಬಾಳಿಕೆಯೂ ಯಾವ ವೇಷದಲ್ಲಿ ಬಂದರೂ ಎದುರಿಸುವಿರಾ ಎಂಬುದು ಅವುಗಳ ತಾತ್ಪರ್ಯ. ಪ್ರಾರ್ಥನೆ, ಹಾಜರಿ, ಕಾಣಿಕೆ, ಸೇವೆ, ಸಾಕ್ಷ್ಯ ಎಂಬ ಐದು ಬಗೆಯಲ್ಲಿ ಸಭೆಗೆ ಒತ್ತಾಸೆಯಾಗುವೆನೆಂದು ಸೇರುವವರು ಮಾತು ಕೊಡುತ್ತಾರೆ. ಕೂತಿರುವ ಸಭೆಯೂ ಪ್ರತಿಯಾಗಿ ಒಂದು ಮಾತು ಕೊಡುತ್ತದೆ. ಬೇರೊಂದು ಸಭೆಯಿಂದ ಬಂದವರಾದರೆ ಅಲ್ಲಿಂದ ವರ್ಗಾವಣೆಯ ಪತ್ರ ತರಿಸಿಕೊಳ್ಳುವುದು ರೂಢಿ. ನಂತರ ಹೆಸರು ದಾಖಲೆಗೆ ಏರುತ್ತದೆ. ಆರಾಧನೆ ಮುಗಿದ ಮೇಲೆ ಕಾಫಿ.

ಅಟ್ಲಾಂಟಾದ ಉತ್ತರಕ್ಕಿರುವ ಸುವಾನಿಯಲ್ಲಿ ಇಷ್ಟು ಹಗುರವಾಗಿ ನಡೆಯುವ ಈ ಕ್ರಿಯೆ, ಬೀದರ್ ಜಿಲ್ಲೆಯ ಒಂದು ಹಳ್ಳಿಯ ಮಾದಿಗ ಕುಟುಂಬಕ್ಕೆ ಅಷ್ಟು ಹಗುರವಾಗಿಲ್ಲ. ಅಲ್ಲಿ ಸಭೆಯ ದಾಖಲೆಗೆ ಹೆಸರು ಏರಿದರೆ ಇನ್ನೊಂದು ದಾಖಲೆಯಿಂದ ಹೆಸರು ಇಳಿಯುತ್ತದೆ. ಜಾತಿ ಪ್ರಮಾಣಪತ್ರ, ಅದಕ್ಕೆ ಹೊಂದಿಕೊಂಡ ವಿದ್ಯಾರ್ಥಿವೇತನ, ನೌಕರಿಯ ಮೀಸಲು, ಪರಿಶಿಷ್ಟ ಮೀಸಲು ಕ್ಷೇತ್ರದಿಂದ ಚುನಾವಣೆಗೆ ನಿಲ್ಲುವ ಹಕ್ಕು, ದೌರ್ಜನ್ಯ ತಡೆ ಕಾಯಿದೆಯ ಆಸರೆ, ಇವೆಲ್ಲ ಪಣಕ್ಕೆ ಬೀಳುತ್ತವೆ. ಒಂದೇ ಪಂಥ, ಹೆಚ್ಚುಕಡಿಮೆ ಒಂದೇ ವಿಧಿ. ಆದರೂ ತೆರಬೇಕಾದ ಬೆಲೆ ಇಷ್ಟು ಬೇರೆಯಾದದ್ದು ಹೇಗೆ ಎಂಬುದು ಇಂದಿನ ವಿಷಯ. ಹುಟ್ಟಿನಿಂದ ದೊರೆಯುತ್ತಿದ್ದ ಧಾರ್ಮಿಕ ಗುರುತನ್ನು ಬಿಡಿಸಿ, ಅದನ್ನು ವ್ಯಕ್ತಿಯ ನಿರ್ಧಾರಕ್ಕೆ ಒಪ್ಪಿಸಲು ಹೊರಟ ಪಂಥವಿದು. ಹೋದಲ್ಲೆಲ್ಲ ಹುಟ್ಟು ಅದರ ಬೆನ್ನು ಹತ್ತಿತು.

ಆರಂಭಕ್ಕೆ ಹೋಗೋಣ. ಜಾನ್ ವೆಸ್ಲಿ ಹೊಸ ಚರ್ಚನ್ನು ಕಟ್ಟಲು ಹೊರಟವನಲ್ಲ. ಸಾಯುವವರೆಗೂ ಆಂಗ್ಲಿಕನ್ ಪಾದ್ರಿಯಾಗಿಯೇ ಉಳಿದ. ಇಂಗ್ಲೆಂಡಿನಲ್ಲಿ ಹುಟ್ಟಿದ ಮಗು ತನ್ನ ಪ್ಯಾರಿಷ್‌ಗೆ ತಾನಾಗಿಯೇ ಸೇರಿದ್ದೆಂದು ಎಣಿಸುತ್ತಿದ್ದ ಕಾಲದಲ್ಲಿ, ಆ ಚರ್ಚಿನ ಒಳಗೇ ಸ್ವಂತ ಇಚ್ಛೆಯಿಂದ ಸೇರುವವರ ಒಂದು ಸಂಘವನ್ನು ಅವನು ಕಟ್ಟಿದ. ಪ್ರವೇಶಕ್ಕೆ ಒಂದೇ ಷರತ್ತು, ಬರಲಿರುವ ದೈವಕೋಪದಿಂದ ಪಾರಾಗಬೇಕೆಂಬ ಬಯಕೆ. ಮತತತ್ತ್ವದ ಪರೀಕ್ಷೆಯಿಲ್ಲ, ಕುಲಗೋತ್ರದ ವಿಚಾರಣೆಯಿಲ್ಲ. ಆದರೆ ಒಳಗೆ ಬಂದ ಮೇಲೆ ಉಳಿಯುವುದು ಸುಲಭವಾಗಿರಲಿಲ್ಲ. 1743ರಲ್ಲಿ ಪ್ರಕಟವಾದ ನಿಯಮಾವಳಿ ಕುಡಿತ, ಜಗಳ, ಬಡ್ಡಿಕೋರತನ, ಕಳ್ಳಸಾಗಣೆಯ ಸರಕಿನ ವ್ಯಾಪಾರ ಇತ್ಯಾದಿಗಳನ್ನೆಲ್ಲ ಹೆಸರಿಸಿ ನಿಷೇಧಿಸಿತು.

ಈ ಶಿಸ್ತಿನ ಮೂಲದಲ್ಲಿ ಇದ್ದದ್ದು ಸಾಲ ಎಂಬುದು ಸ್ವಾರಸ್ಯಕರ. 1742ರಲ್ಲಿ ಬ್ರಿಸ್ಟಲ್ ನಗರದ ಸಂಘದ ಕಟ್ಟಡಕ್ಕೆ ಮಾಡಿದ ಸಾಲ ತೀರಿಸಬೇಕಿತ್ತು. ಪ್ರತಿ ಸದಸ್ಯ ವಾರಕ್ಕೆ ಒಂದು ಪೆನ್ನಿ ಕೊಡಲಿ, ಸುಮಾರು ಹನ್ನೆರಡು ಜನರಿಗೆ ಒಬ್ಬ ನಾಯಕನಿರಲಿ, ಕೊಡಲಾರದವರ ಪಾಲನ್ನು ಅವನೇ ತುಂಬಲಿ ಎಂಬ ಏರ್ಪಾಡಾಯಿತು. ವಾರವಾರ ಮನೆಮನೆಗೆ ಹೋದ ನಾಯಕರಿಗೆ ಪೆನ್ನಿಯ ಜೊತೆಗೆ ಸುದ್ದಿಯೂ ಸಿಕ್ಕಿತು: ಯಾರು ಕುಡಿಯುತ್ತಾರೆ, ಯಾರು ಹೆಂಡತಿಯನ್ನು ಹೊಡೆಯುತ್ತಾರೆ, ಯಾರಿಗೆ ಕೆಲಸವಿಲ್ಲ. ವಸೂಲಿಯ ಗುಂಪು ಹೀಗೆ ಆತ್ಮಪರೀಕ್ಷೆಯ ಗುಂಪಾಯಿತು. ಮೂರು ತಿಂಗಳಿಗೊಮ್ಮೆ ವಿಚಾರಣೆ. ನಡತೆ ಸರಿಯಿದ್ದರೆ ಹೆಸರು ಬರೆದ ಒಂದು ಚೀಟಿ, ಇಲ್ಲದಿದ್ದರೆ ಚೀಟಿಯಿಲ್ಲ. ಚೀಟಿಯಿಲ್ಲದವರಿಗೆ ಸಂಘದ ಪ್ರೀತಿಭೋಜನದಲ್ಲಿ ಸ್ಥಳವಿಲ್ಲ. ಮೂರು ತಿಂಗಳಿಗೊಮ್ಮೆ ನವೀಕರಿಸಬೇಕಾದ ಸದಸ್ಯತ್ವದಲ್ಲಿ ಹುಟ್ಟಿನ ಹಕ್ಕಿಗೆ ಎಡೆಯೇ ಇರುವುದಿಲ್ಲ. ತತ್ತ್ವದಲ್ಲಾದರೂ ಹಾಗೆ.

ಸಂಘ ಕಟ್ಟುವ ಮೊದಲು ವೆಸ್ಲಿ ಜಾರ್ಜಿಯಾಕ್ಕೆ ಬಂದಿದ್ದ. 1736ರಿಂದ ಎರಡು ವರ್ಷದೊಳಗೆ ಸವಾನ್ನಾದಲ್ಲಿ ಅವನ ಪಾದ್ರಿತನ ಮುಗಿದುಹೋಯಿತು. ಅವನು ಮೆಚ್ಚಿದ್ದ ಸೋಫಿ ಹಾಪ್ಕಿ ಎಂಬ ತರುಣಿ ಬೇರೊಬ್ಬನನ್ನು ಮದುವೆಯಾದಳು. ಕೆಲವು ತಿಂಗಳ ನಂತರ, ಮುಂಚಿತವಾಗಿ ತಿಳಿಸಲಿಲ್ಲ ಮೊದಲಾದ ಕಾರಣ ಹೇಳಿ ವೆಸ್ಲಿ ಅವಳಿಗೆ ಪವಿತ್ರ ಭೋಜನವನ್ನು ನಿರಾಕರಿಸಿದ. ಮೊಕದ್ದಮೆ ಹೂಡಲಾಯಿತು; 1737ರ ಡಿಸೆಂಬರಿನಲ್ಲಿ ಅವನು ಊರು ಬಿಟ್ಟ. ಪಂಕ್ತಿಗೆ ಯಾರನ್ನು ಸೇರಿಸಬೇಕು, ಯಾರನ್ನು ಸೇರಿಸಬಾರದು ಎಂಬ ಅಧಿಕಾರ ಒಬ್ಬ ಮನುಷ್ಯನ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಪಂಥದ ಮೊದಲ ಪಾಠ ಇದೇ ರಾಜ್ಯದಲ್ಲಿ ನಡೆದಿದೆ. ಪಂಥ ಅದನ್ನು ಸರಿಯಾಗಿ ಕಲಿಯಿತೆಂದು ಹೇಳುವುದು ಕಷ್ಟ.

1784ರ ಕ್ರಿಸ್‌ಮಸ್ ವೇಳೆ ಬಾಲ್ಟಿಮೋರಿನಲ್ಲಿ ಸೇರಿದ ಸಮ್ಮೇಳನದಲ್ಲಿ ಅಮೆರಿಕದ ಮೆಥಡಿಸ್ಟರು ಸ್ವತಂತ್ರ ಚರ್ಚಾದರು. ಅಲ್ಲಿ ಅವರು ಮಾಡಿದ ಒಂದು ನಿಯಮ ಇಂದಿಗೂ ಬೆರಗು ಹುಟ್ಟಿಸುತ್ತದೆ: ಕಾನೂನು ಅವಕಾಶ ಕೊಡುವ ಕಡೆ, ಗುಲಾಮರನ್ನು ಇಟ್ಟುಕೊಂಡ ಸದಸ್ಯರು ನಿಗದಿತ ಅವಧಿಯಲ್ಲಿ ಅವರ ಬಿಡುಗಡೆಯ ಪತ್ರ ಬರೆಯಬೇಕು, ಇಲ್ಲದಿದ್ದರೆ ಸಭೆ ಬಿಡಬೇಕು. ಸದಸ್ಯತ್ವದ ಷರತ್ತು ಎಂಬುದು ಒಂದು ಸಮಾಜವನ್ನೇ ಅಲುಗಿಸಬಲ್ಲ ಸನ್ನೆಗೋಲಾಗಬಹುದೆಂದು ಆ ಜನ ನಂಬಿದ್ದರು. ಆ ನಿಯಮ ಒಂದು ವರ್ಷವೂ ಬಾಳಲಿಲ್ಲ, 1785ರಲ್ಲೇ ಅಮಾನತಾಯಿತು. ದಕ್ಷಿಣದಲ್ಲಿ ಜನ ಸೇರಬೇಕಾದರೆ ಷರತ್ತು ಸಡಿಲವಾಗಬೇಕಿತ್ತು, ಸಡಿಲವಾಯಿತು.

ಮುಂದಿನ ಕಥೆ ಈ ಪ್ರದೇಶದ ಕಲ್ಲುಕಟ್ಟಡಗಳಲ್ಲಿಯೇ ಇದೆ. ಚಾರ್ಲ್‌ಸ್ಟನ್ನಿನಲ್ಲಿ ಕಪ್ಪು ಮೆಥಡಿಸ್ಟರ ಸಂಖ್ಯೆ ಬಿಳಿಯರನ್ನು ಮೀರಿತ್ತು. ಅವರ ಸಮಾಧಿ ಭೂಮಿಯ ಮೇಲೆ ಬಿಳಿಯರು ಹೆಣದ ಬಂಡಿಯನ್ನು ನಿಲ್ಲಿಸುವ ಕಟ್ಟಡವೊಂದನ್ನು ಎಬ್ಬಿಸಿದಾಗ, ಮಾರಿಸ್ ಬ್ರೌನನ ಮುಂದಾಳುತನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸಭೆಯಿಂದ ಎದ್ದು ಹೋದರು. ಇಂದಿನ ಎಮ್ಯಾನುಯೆಲ್ ಚರ್ಚು ಆ ನಿರ್ಗಮನದ ಕೂಸು. 2015ರ ಜೂನಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಜನರನ್ನು ಜನಾಂಗದ್ವೇಷಿಯೊಬ್ಬ ಗುಂಡಿಟ್ಟು ಕೊಂದದ್ದು ಅಲ್ಲಿಯೇ. ವಾಷಿಂಗ್ಟನ್ನಿನ ಫೌಂಡ್ರಿ ಚರ್ಚಿನಲ್ಲಿ ಮೇಲಟ್ಟಕ್ಕೆ ತಳ್ಳಲ್ಪಟ್ಟಿದ್ದ ಕಪ್ಪು ಸದಸ್ಯರು 1836ರಲ್ಲಿ ಹೊರಬಂದು ಆಸ್‌ಬರಿ ಸಭೆಯನ್ನು ಕಟ್ಟಿಕೊಂಡರು. ಹೆಸರು ಒಂದೇ ಪುಸ್ತಕದಲ್ಲಿ ಇದ್ದರೂ ಕೂರುವ ಬೆಂಚು ಬೇರೆ, ಹೂಳುವ ನೆಲ ಬೇರೆ. ನಮ್ಮೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸುವಾನಿಯಿಂದ ಕಾರಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ ಆಕ್ಸ್‌ಫರ್ಡ್ ಎಂಬ ಪುಟ್ಟ ಪಟ್ಟಣಕ್ಕೆ. ಎಮರಿ ವಿಶ್ವವಿದ್ಯಾಲಯ ಹುಟ್ಟಿದ್ದು ಅಲ್ಲಿ. ಬಿಷಪ್ ಜೇಮ್ಸ್ ಆಂಡ್ರೂ ಅಲ್ಲಿದ್ದ. ಅವನ ಮನೆಯಲ್ಲಿ ಕಿಟ್ಟಿ ಎಂಬ ಗುಲಾಮ ಹೆಣ್ಣುಮಗಳಿದ್ದಳು. 1844ರಲ್ಲಿ ನ್ಯೂಯಾರ್ಕಿನ ಮಹಾಸಭೆ, ಗುಲಾಮರ ಒಡೆಯನಾಗಿರುವವರೆಗೆ ಬಿಷಪ್ಪನ ಕೆಲಸ ಮಾಡಕೂಡದೆಂದು ಅವನಿಗೆ ಹೇಳಿತು. ದಕ್ಷಿಣದವರು ಸಿಡಿದರು; ಮರುವರ್ಷ ಬೇರೆ ಚರ್ಚನ್ನೇ ಕಟ್ಟಿದರು. ಅಂತರ್ಯುದ್ಧಕ್ಕೆ ಹದಿನಾರು ವರ್ಷ ಮೊದಲೇ ಮೆಥಡಿಸ್ಟರು ಒಡೆದಿದ್ದರು. ಕಿಟ್ಟಿಗೆ ಬಿಡುಗಡೆಯ ಆಯ್ಕೆ ಕೊಟ್ಟಿದ್ದೆವು, ಅವಳೇ ಬೇಡವೆಂದಳು ಎಂಬ ಕಥೆಯನ್ನು ಬಿಷಪ್ಪನ ಕಡೆಯವರು ತಲೆಮಾರುಗಳವರೆಗೆ ಹೇಳಿದರು. ಅವಳ ಹೆಸರಿನ ಚಿಕ್ಕ ಮನೆಯನ್ನು ಇಂದಿಗೂ ಉಳಿಸಿಕೊಳ್ಳಲಾಗಿದೆ. ಆಯ್ಕೆಯ ಮಾತನ್ನು ಇಷ್ಟು ದೊಡ್ಡದಾಗಿ ಆಡಿದ ಪಂಥದಲ್ಲಿ, ಆಯ್ಕೆಯೇ ಇಲ್ಲದವಳೊಬ್ಬಳ 'ಆಯ್ಕೆ'ಯನ್ನು ಒಡೆಯನ ನಿರಪರಾಧಕ್ಕೆ ಸಾಕ್ಷಿಯಾಗಿ ಬಳಸಲಾಯಿತು. 1939ರಲ್ಲಿ ಚರ್ಚುಗಳು ಮತ್ತೆ ಒಂದಾದಾಗಲೂ ಕಪ್ಪು ಸಭೆಗಳನ್ನು ಬಣ್ಣದ ಆಧಾರದ ಮೇಲೆ ಪ್ರತ್ಯೇಕ ಆಡಳಿತ ವಲಯಕ್ಕೆ ತಳ್ಳಲಾಯಿತು. ಅದು ರದ್ದಾದದ್ದು 1968ರಲ್ಲಿ.

ಕನ್ನಡ ನಾಡಿಗೆ ಈ ಪಂಥ ಎರಡು ದಾರಿಯಲ್ಲಿ ಬಂತು. ಮೊದಲನೆಯದು ಇಂಗ್ಲೆಂಡಿನಿಂದ. 1821ರಲ್ಲಿ ಬೆಂಗಳೂರಿಗೆ ಬಂದ ವೆಸ್ಲಿಯನ್ ಮಿಶನರಿಗಳು ಮೊದಲು ದುಡಿದದ್ದು ತಮಿಳರ ನಡುವೆ. ಕನ್ನಡದ ನೆಲೆ ಗಟ್ಟಿಯಾದದ್ದು 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಸಿದಾಗ. ಇವರು ಶಾಲೆ ತೆರೆದರು, ಅಚ್ಚುಕೂಟ ನಡೆಸಿದರು, ವ್ಯಾಕರಣ ನಿಘಂಟುಗಳನ್ನು ಹೊರತಂದರು. 1887ರಲ್ಲಿ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ಯನ್ನು ಆರಂಭಿಸಿದರು. ಓದುಗರು ಬಹಳ, ಸೇರಿದವರು ಕೆಲವರು. ಮೇಲುಜಾತಿಯ ಹುಡುಗನೊಬ್ಬ ಮಿಶನ್ ಶಾಲೆಯಲ್ಲಿ ಕಲಿತು ಅಮಲ್ದಾರನಾಗುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಸಭೆಗೆ ಸೇರಿದರೆ ಮನೆಯವರು ಶ್ರಾದ್ಧ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಈ ಸಭೆಗಳು 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಲೀನವಾದವು. ಬೆಂಗಳೂರಿನ ಹಡ್ಸನ್ ಚರ್ಚಿಗೆ ಹೋಗುವವರಲ್ಲಿ ಹಲವರಿಗೆ ತಮ್ಮ ಅಜ್ಜಂದಿರು ಮೆಥಡಿಸ್ಟರಾಗಿದ್ದರೆಂಬುದು ನೆನಪಿನಲ್ಲಿಲ್ಲ.

ಜಾತಿಯ ಪ್ರಶ್ನೆಯನ್ನು ಮಿಶನ್ನುಗಳು ನೇರವಾಗಿ ಎದುರಿಸಿದ್ದೂ ಉಂಟು. 1850ರಲ್ಲಿ ಮದ್ರಾಸಿನಲ್ಲಿ ಪ್ರಾಟೆಸ್ಟಂಟ್ ಮಿಶನರಿಗಳ ಸಮ್ಮೇಳನವೊಂದು, ಎಲ್ಲ ಜಾತಿಯವರೊಡನೆ ಕೂತು ಉಣ್ಣಲು ಒಪ್ಪದವರನ್ನು ಸಭೆಗೆ ಸೇರಿಸಕೂಡದೆಂದು ನಿರ್ಣಯ ಮಾಡಿತು. ಹೊರಗುಳಿದವರು ಲೈಪ್ಸಿಗ್ ಮಿಶನ್ನಿನವರು ಮಾತ್ರ. ಬ್ರಿಸ್ಟಲಿನಲ್ಲಿ ಚೀಟಿ ಇದ್ದವರಿಗಷ್ಟೆ ಪ್ರೀತಿಭೋಜನ; ಮದ್ರಾಸಿನಲ್ಲಿ ಸಹಭೋಜನವೇ ಚೀಟಿ. ಎಲೆಯ ಮುಂದೆ ಕೂರಿಸಿ ನೋಡಿದರೆ ಗೊತ್ತಾಗುತ್ತದೆ ಯಾರು ಸೇರಿದ್ದಾರೆ, ಯಾರು ಸೇರಿಲ್ಲ ಎಂಬುದು ಭಾರತದಲ್ಲಿ ಯಾರಿಗೂ ಹೊಸ ವಿಷಯವಲ್ಲ. ಆದರೆ ಒಮ್ಮೆ ಒಟ್ಟಿಗೆ ಉಂಡವರು ಮಗಳನ್ನು ಕೊಡುವಾಗ ಮತ್ತೆ ಜಾತಿ ಕೇಳುತ್ತಾರೆ ಎಂಬುದನ್ನು ನಿರ್ಣಯ ಬರೆದವರು ಅಂದಾಜು ಮಾಡಿರಲಿಲ್ಲ. ಮತಾಂತರದಿಂದ ಅಸ್ಪೃಶ್ಯನ ಸ್ಥಿತಿ ನಿಜಕ್ಕೂ ಬದಲಾಯಿತೇ ಎಂದು ಅಂಬೇಡ್ಕರ್ ಮುಂದೆ ಕಟುವಾಗಿ ಕೇಳಿದ್ದು ಈ ಕಾರಣಕ್ಕೇ.

ಎರಡನೆಯ ದಾರಿ ಅಮೆರಿಕದಿಂದ. ವರ್ಜೀನಿಯಾದಲ್ಲಿ ಹುಟ್ಟಿದ ವಿಲಿಯಂ ಟೇಲರ್ 1870ರ ದಶಕದಲ್ಲಿ ಮುಂಬಯಿ, ಮದ್ರಾಸು, ಬೆಂಗಳೂರುಗಳಲ್ಲಿ ಇಂಗ್ಲಿಷ್ ಮಾತಾಡುವವರ ಸಭೆಗಳನ್ನು ಕಟ್ಟಿದ. ಬಾಲ್ಡ್‌ವಿನ್ ಶಾಲೆಗಳು ಆ ಪರಂಪರೆಯವು. ಕೋಲಾರದ ಕಥೆ ಬೇರೆ. 1876–78ರ ಬರದಲ್ಲಿ ಅನಾಥರಾದ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ಎಂಬಾಕೆ ಅಲ್ಲಿ ಆಶ್ರಮ ನಡೆಸುತ್ತಿದ್ದಳು. 1890ರಲ್ಲಿ ಅದನ್ನು ಅಮೆರಿಕನ್ ಮೆಥಡಿಸ್ಟರಿಗೆ ಒಪ್ಪಿಸಿದಳು. ಆ ಮಕ್ಕಳು ಸಭೆಯನ್ನು ಆರಿಸಿಕೊಂಡರೆಂದು ಹೇಳಲಾದೀತೆ? ಆರಿಸಿಕೊಳ್ಳಲು ಅವರ ಮುಂದೆ ಏನಿತ್ತು? ಅನ್ನಕ್ಕಾಗಿ ಸೇರಿದರು ಎಂಬ ಹಳೆಯ ಮೂದಲಿಕೆಗೆ ಒಂದು ಮಾತು ಹೇಳಬೇಕು: ಆ ಮಕ್ಕಳಿಗೆ ಅನ್ನ ಕೊಡಬಹುದಾಗಿದ್ದವರು ಬೇರೆಯವರೂ ಇದ್ದರು.

ಬೀದರಿನಲ್ಲಿ ಸೇರಿದ್ದು ಒಬ್ಬೊಬ್ಬರಾಗಿ ಅಲ್ಲ, ಕೇರಿಕೇರಿಯಾಗಿ. ನಿಜಾಮರ ಆಳ್ವಿಕೆಯಲ್ಲಿದ್ದ ಆ ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಖ್ಯವಾಗಿ ಮಾದಿಗ ಕುಟುಂಬಗಳು ಮೆಥಡಿಸ್ಟ್ ಸಭೆಗೆ ಬಂದವು. ಕುಲದ ಹಿರಿಯರು ಕೂತು ಮಾತಾಡಿ ಒಪ್ಪಿದರೆ ಎಲ್ಲರೂ, ಒಪ್ಪದಿದ್ದರೆ ಯಾರೂ ಇಲ್ಲ. ವ್ಯಕ್ತಿಯ ಎದೆಯಲ್ಲಿ ನಡೆಯಬೇಕಾದದ್ದು ಹೀಗೆ ಪಂಚಾಯ್ತಿ ಕಟ್ಟೆಯ ಮೇಲೆ ನಡೆದರೆ ಅದು ನಿಜವಾದ ಪರಿವರ್ತನೆಯೇ ಎಂದು ಮಿಶನರಿಗಳಲ್ಲೇ ಹಲವರು ಸಂಶಯಪಟ್ಟರು. ಮೆಥಡಿಸ್ಟ್ ಮಿಶನರಿಯೇ ಆಗಿದ್ದ ವಾಸ್ಕಂ ಪಿಕೆಟ್ 1933ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸಾಮೂಹಿಕ ಚಳವಳಿಗಳ ಪರವಾಗಿ ವಾದಿಸಿದ: ಬಂಧುಬಳಗದ ನಂಟನ್ನು ಕಡಿದುಕೊಳ್ಳದೆ ಬಂದವರು ಉಳಿಯುತ್ತಾರೆ, ಮುಖ್ಯವಾದದ್ದು ಸೇರಿದ ಮೇಲೆ ಸಿಗುವ ಬೋಧನೆ. ಈ ವಾದದಲ್ಲಿ ಹುರುಳಿದೆ. ಭೂಮಿಯಿಲ್ಲದ, ಊರಿನ ಬಿಟ್ಟಿ ಚಾಕರಿಗೆ ಕಟ್ಟುಬಿದ್ದ ಮನುಷ್ಯ ಒಬ್ಬನೇ ಹೊರನಡೆದರೆ ಒಂದು ವಾರ ಬದುಕಲಾರ. ಕೇರಿಯೇ ಹೊರನಡೆದರೆ ಗೌಡ ಯೋಚಿಸಬೇಕಾಗುತ್ತದೆ.

ಸೇರಿದವರಿಗೆ ಮಿಶನ್ನು ವಿಧಿಸಿದ ನಿಷೇಧಗಳನ್ನು ಇದೇ ಬೆಳಕಿನಲ್ಲಿ ನೋಡಬೇಕು. ಹೆಂಡ ಬೇಡ, ಸತ್ತ ದನದ ಮಾಂಸ ಬೇಡ, ಜಾತ್ರೆಯಲ್ಲಿ ಹಲಗೆ ಬಾರಿಸುವುದು ಬೇಡ. ಪಾದ್ರಿಯ ಕಣ್ಣಿಗೆ ಇವು ಶುದ್ಧಿಯ ಹಾಗೂ ವಿಗ್ರಹಾರಾಧನೆಯ ಪ್ರಶ್ನೆಗಳು. ಕೇರಿಯವರಿಗೆ ಇವು ಬೇರೆಯೇ ಅರ್ಥ ಕೊಟ್ಟವು. ಹೊಲದಲ್ಲಿ ಸತ್ತ ಎತ್ತನ್ನು ಎಳೆದೊಯ್ಯುವುದು, ಕರೆದಾಗ ಹಲಗೆ ಹೊತ್ತು ಬರುವುದು ಜಾತಿ ಹೇರಿದ ಕರ್ತವ್ಯ. ‘ಪಾದ್ರಿ ಬೇಡವೆಂದಿದ್ದಾರೆ’ ಎನ್ನುವುದು ಆ ಕರ್ತವ್ಯಕ್ಕೆ ಇಲ್ಲವೆನ್ನಲು ಸಿಕ್ಕಿದ ಒಂದು ಮರ್ಯಾದೆಯ ಮಾತು. ಹಲಗೆಯ ಜೊತೆಗೆ ಒಂದು ಕಲೆಯೂ ಹೋಯಿತು ಎಂಬ ಕೊರಗು ಇಂದಿನ ದಲಿತ ಚಿಂತಕರಲ್ಲಿದೆ, ಅದು ನ್ಯಾಯವಾದದ್ದೇ. ಎರಡೂ ಏಕಕಾಲಕ್ಕೆ ಸತ್ಯ.

ಇದೇ ಜಿಲ್ಲೆಯಲ್ಲಿ ಬಸವಕಲ್ಯಾಣವಿದೆ ಎಂಬುದನ್ನು ಮರೆಯಲಾಗದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲೂ ಹುಟ್ಟಿನ ಕುಲವನ್ನು ಅಳಿಸಿ ದೀಕ್ಷೆಯಿಂದ ಹೊಸ ಕುಲವನ್ನು ಕೊಡುವ ಪ್ರಯತ್ನ ನಡೆಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆ, ಅದಕ್ಕೆ ತಂದೆಯರಿಬ್ಬರೂ ಪ್ರಾಣ ತೆತ್ತದ್ದು ಪರಂಪರೆ ಉಳಿಸಿಕೊಂಡಿರುವ ಕಥೆ. ದೀಕ್ಷೆಯಿಂದ ದೊರೆತ ಗುರುತು ಮುಂದೆ ತೊಟ್ಟಿಲಲ್ಲೇ ದೊರೆಯತೊಡಗಿ, ಒಳಪಂಗಡಗಳ ಜಾತಿಯೇ ಆಗಿಹೋದದ್ದೂ ಅದೇ ಪರಂಪರೆಯ ಮುಂದುವರಿಕೆ. ಮೆಥಡಿಸ್ಟರಿಗೂ ಹಾಗೆಯೇ ಆಯಿತು. ಮೂರು ತಿಂಗಳ ಚೀಟಿ ಎಲ್ಲೋ ಕಳೆದುಹೋಗಿ, ಮೆಥಡಿಸ್ಟ್ ಮನೆಯಲ್ಲಿ ಹುಟ್ಟಿದವರು ಮೆಥಡಿಸ್ಟರು ಎಂದಾಯಿತು.

ಇಲ್ಲಿಯವರೆಗಿನದು ಸಭೆಯ ಮತ್ತು ಸಮಾಜದ ಜಗಳ. 1950ರ ಆಗಸ್ಟ್ 10ರಂದು ಪ್ರಭುತ್ವ ಮೂರನೆಯ ಪಕ್ಷವಾಗಿ ಬಂತು. ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ಗೊತ್ತುಪಡಿಸಿದ ರಾಷ್ಟ್ರಪತಿಗಳ ಆದೇಶದ ಮೂರನೆಯ ಕಂಡಿಕೆ, ಹಿಂದೂ ಧರ್ಮಕ್ಕಿಂತ ಬೇರೆಯದನ್ನು ಅನುಸರಿಸುವವರು ಪರಿಶಿಷ್ಟ ಜಾತಿಯವರಲ್ಲ ಎಂದಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರಿಗೆ ಇಂದಿಗೂ ಇಲ್ಲ. ಮದ್ರಾಸಿನ ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಕ್ರೈಸ್ತನೊಬ್ಬ, ಅದೇ ಬೀದಿಯ ಹಿಂದೂ ಚಮ್ಮಾರರಿಗೆ ಸರ್ಕಾರ ಕೊಟ್ಟ ಪೆಟ್ಟಿಗೆಯಂಗಡಿ ತನಗೇಕಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ನಂತರವೂ ಜಾತಿಯ ಬಾಧೆ ಅಷ್ಟೇ ತೀವ್ರವಾಗಿ ಮುಂದುವರಿದಿದೆಯೆಂದು ತೋರಿಸುವ ಆಧಾರ ಸಾಲದೆಂದು 1985ರ ಸೂಸೈ ತೀರ್ಪು ಅವನ ಅರ್ಜಿಯನ್ನು ತಳ್ಳಿಹಾಕಿತು. ಅದೇ ಉಳಿ, ಅದೇ ತೊಗಲು, ಅದೇ ಬೀದಿ. ಹರಳಯ್ಯನ ಕಸುಬಿನ ಮನುಷ್ಯ ತನ್ನ ಬಾಧೆಗೆ ಇನ್ನೇನು ಆಧಾರ ತರಬೇಕಿತ್ತು ಎಂಬುದನ್ನು ಆ ತೀರ್ಪು ಓದಿದವರು ಯೋಚಿಸುತ್ತಲೇ ಇದ್ದಾರೆ.

ಇದರ ಫಲವಾಗಿ ಎಷ್ಟೋ ಮನೆಗಳಲ್ಲಿ ಒಬ್ಬ ಮನುಷ್ಯನಿಗೆ ಎರಡು ಹೆಸರು. ಸಭೆಯ ದಾಖಲೆಯಲ್ಲಿ ಬೈಬಲ್ಲಿನ ಹೆಸರು, ಶಾಲೆಯ ದಾಖಲೆಯಲ್ಲಿ ಊರದೇವರ ಹೆಸರು. ಮೊದಲನೆಯದರಲ್ಲಿ ಮೆಥಡಿಸ್ಟ್, ಎರಡನೆಯದರಲ್ಲಿ ಹಿಂದೂ ಮಾದಿಗ. ಇದನ್ನು ಮೋಸ ಎನ್ನುವವರಿದ್ದಾರೆ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದುಕೊಳ್ಳುವುದು ಸಂವಿಧಾನಕ್ಕೆ ಬಗೆದ ವಂಚನೆ ಎಂದಿತು. ಆಕೆ ಕ್ರೈಸ್ತಳೆಂಬುದಕ್ಕೆ ಎದುರಿಟ್ಟ ಆಧಾರಗಳಲ್ಲಿ ಹಸುಗೂಸಾಗಿದ್ದಾಗಿನ ದೀಕ್ಷಾಸ್ನಾನವೂ ಒಂದು. ತಾಯಿತಂದೆಯರು ಭಕ್ತಿಯಿಂದ ಬರೆಸಿದ ಒಂದು ಸಾಲು ಮೂರು ದಶಕಗಳ ಮೇಲೆ ಮಗಳ ವಿರುದ್ಧ ಸಾಕ್ಷಿ ನುಡಿಯಿತು. ಮೋಸ ಎಲ್ಲಿದೆ ಎಂದು ಕೇಳುವವರು ಮೂರನೆಯ ಕಂಡಿಕೆಯಿಂದ ಆರಂಭಿಸುವುದು ಮೇಲು. ಜಾತಿಯಿಂದ ಬಿಡುಗಡೆ ಬೇಡಿದವನಿಗೆ, ನಿನ್ನ ಜಾತಿ ನಿನ್ನೊಡನೆಯೇ ಇರಲಿ, ಅದರ ಪರಿಹಾರ ಮಾತ್ರ ಇಲ್ಲೇ ಬಿಟ್ಟುಹೋಗು ಎನ್ನುವ ಕಂಡಿಕೆ ಅದು.

ಕರ್ನಾಟಕದ 2022ರ ಮತಾಂತರ ಕಾಯಿದೆ ಮತ್ತೊಂದು ಮೆಟ್ಟಿಲು ಏರಿತು. ಮತ ಬದಲಿಸಬಯಸುವವನು ಮೂವತ್ತು ದಿನ ಮೊದಲು ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಕೊಡಬೇಕು, ದೀಕ್ಷೆ ಕೊಡುವವನೂ ಮುನ್ಸೂಚನೆ ಕೊಡಬೇಕು, ಅದನ್ನು ಸೂಚನಾ ಫಲಕಕ್ಕೆ ಅಂಟಿಸಿ ಆಕ್ಷೇಪಣೆ ಕರೆಯಬೇಕು. ಕಾಯಿದೆ ಮುರಿದು ಮಹಿಳೆಯನ್ನೋ ಪರಿಶಿಷ್ಟ ಜಾತಿ, ಪಂಗಡದವರನ್ನೋ ಮತಾಂತರಿಸಿದರೆ ಮೂರರಿಂದ ಹತ್ತು ವರ್ಷ ಸೆರೆ. ಹೆಂಗಸರೂ ದಲಿತರೂ ಸ್ವಂತ ಬುದ್ಧಿಯಿಂದ ಸೇರಲಾರರು ಎಂಬ ಎಣಿಕೆ ಆ ಶಿಕ್ಷೆಯ ಅಳತೆಯಲ್ಲೇ ಇದೆ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಕಾಯಿದೆಯನ್ನು ಹಿಂತೆಗೆದುಕೊಳ್ಳುವ ನಿರ್ಧಾರ ಪ್ರಕಟಿಸಿತು. ಬ್ರಿಸ್ಟಲಿನ ತರಗತಿ ನಾಯಕ ಕದ ತಟ್ಟಿ ಕೇಳುತ್ತಿದ್ದ ಪ್ರಶ್ನೆಗಳನ್ನು ತಹಶೀಲ್ದಾರ ಕೇಳುವ ದಿನ ಬರಬಹುದೆಂದು ವೆಸ್ಲಿ ಎಣಿಸಿರಲಾರ.

ಈ ಚರಿತ್ರೆಯನ್ನು ಹೊತ್ತ ಒಂದು ಕುಟುಂಬ ಅಟ್ಲಾಂಟಾದ ಹೊರವಲಯಕ್ಕೆ ಬಂದು ನೆಲೆಸಿದೆಯೆಂದು ಊಹಿಸಿಕೊಳ್ಳಿ. ಕೆಲಸ ಸಾಫ್ಟ್‌ವೇರಿನದು, ಮಗಳಿಗೆ ದೃಢೀಕರಣದ ವಯಸ್ಸು. ಬೀದರಿನ ಸಭೆ 1981ರಲ್ಲಿ ಸ್ವಾಯತ್ತವಾದ ಭಾರತದ ಮೆಥಡಿಸ್ಟ್ ಚರ್ಚಿನದು. ಅಲ್ಲಿಂದ ವರ್ಗಾವಣೆ ಪತ್ರ ಬರುತ್ತದೆ. ಇಲ್ಲಿನ ಯಾವ ಅರ್ಜಿಯಲ್ಲೂ ಜಾತಿಯ ಕಾಲಮ್ಮಿಲ್ಲ, ಯಾವ ದಂಡಾಧಿಕಾರಿಯೂ ಆಕ್ಷೇಪಣೆ ಕರೆಯುವುದಿಲ್ಲ. ಒಂದೇ ಹೆಸರು ಸಾಕಾಗುತ್ತದೆ. ಆ ನಿರಾಳವನ್ನು ಕಡಿಮೆಯೆಂದು ಎಣಿಸಬಾರದು.

ಆದರೆ ಇಲ್ಲಿನ ಸಭೆಯೂ ಯಾರು ಸೇರಬಹುದೆಂಬ ಜಗಳದಿಂದ ಈಗಷ್ಟೆ ಹೊರಬರುತ್ತಿದೆ. ವರ್ಜೀನಿಯಾದ ಸೌತ್ ಹಿಲ್ಲಿನಲ್ಲಿ ಸಲಿಂಗಿಯೊಬ್ಬರಿಗೆ ಅಲ್ಲಿನ ಸಭಾಪಾಲಕರು ಸದಸ್ಯತ್ವ ನಿರಾಕರಿಸಿದರು. 2005ರ ಅಕ್ಟೋಬರಿನಲ್ಲಿ ಚರ್ಚಿನ ನ್ಯಾಯಮಂಡಳಿ, ಸೇರಲು ಯಾರು ಸಿದ್ಧರೆಂದು ತೀರ್ಮಾನಿಸುವ ವಿವೇಚನೆ ಸಭಾಪಾಲಕರದೇ ಎಂದು ಎತ್ತಿಹಿಡಿಯಿತು. ಸವಾನ್ನಾದ ಪಾಠ ಕಲಿಯಲಿಲ್ಲವೆಂದದ್ದು ಇದಕ್ಕೇ. ಸಲಿಂಗಿಗಳ ಸ್ಥಾನದ ವಿವಾದದಲ್ಲಿ 2019ರಿಂದ 2023ರೊಳಗೆ ಅಮೆರಿಕದ ಏಳು ಸಾವಿರದ ಆರುನೂರಕ್ಕೂ ಹೆಚ್ಚು ಸಭೆಗಳು ಹೊರನಡೆದವು. ಉತ್ತರ ಜಾರ್ಜಿಯಾದಲ್ಲಿ 2023ರ ನವೆಂಬರಿನ ಒಂದೇ ದಿನ 261. ಉಳಿದವರು 2024ರ ವಸಂತದಲ್ಲಿ ಉತ್ತರ ಕೆರೊಲಿನಾದ ಶಾರ್ಲಟ್‌ನಲ್ಲಿ ಸೇರಿ, ಸಲಿಂಗಿ ಪಾದ್ರಿಗಳ ಮೇಲಿದ್ದ ನಿಷೇಧವನ್ನು ತೆಗೆದುಹಾಕಿದರು.

ವಲಸೆ ಬಂದ ಭಾರತೀಯ ಕ್ರೈಸ್ತರಲ್ಲಿ ಈ ನಿರ್ಣಯದ ಬಗ್ಗೆ ಕಸಿವಿಸಿ ಕಾಣುತ್ತದೆ. ಬಾಗಿಲಲ್ಲಿ ತಡೆಯಲ್ಪಟ್ಟವರ ಮೊಮ್ಮಕ್ಕಳು ಇನ್ನೊಬ್ಬರನ್ನು ಬಾಗಿಲಲ್ಲಿ ತಡೆಯಲು ಕೈಯೆತ್ತುವುದು ನೋಡಲು ಹಿತವಾದದ್ದಲ್ಲ. ಇತ್ತ ಅದೇ ಸಭೆಯ ಉದಾರವಾದಿ ಅಮೆರಿಕನ್ನರಿಗೆ ಜಾತಿ ಎಂಬುದು ಕಣ್ಣಿಗೇ ಬೀಳುವುದಿಲ್ಲ. ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮಸೂದೆಯನ್ನು ರಾಜ್ಯಪಾಲರು ತಡೆಹಿಡಿದರು. ಮಹಾರಾಷ್ಟ್ರದ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನವೂ ಬೀದರಿನ ಮಾದಿಗ ಮೂಲದ ಮನೆತನವೂ ಒಂದೇ ಭಾನುವಾರ ಒಂದೇ ಸಭೆಗೆ ಸೇರಿದರೆ, ಸಭಾಪಾಲಕರಿಗೆ ಕಾಣುವುದು ಇಬ್ಬರು ಭಾರತೀಯರು. ದಬ್ಬಾಳಿಕೆ ಯಾವ ವೇಷದಲ್ಲಿ ಬಂದರೂ ಎದುರಿಸುವಿರಾ ಎಂಬ ಪ್ರಶ್ನೆಯನ್ನು ಇಬ್ಬರಿಗೂ ಕೇಳಲಾಗುತ್ತದೆ, ಇಬ್ಬರೂ ಹೌದೆನ್ನುತ್ತಾರೆ. ಕೆಲವು ವರ್ಷಗಳ ಮೇಲೆ ಒಬ್ಬರ ಮಗನೂ ಇನ್ನೊಬ್ಬರ ಮಗಳೂ ಮದುವೆಯಾಗಬಯಸಿದರೆ, ನಿಮ್ಮ ಮೂಲ ಊರು ಯಾವುದು, ಅಲ್ಲಿ ಯಾವ ಕೇರಿ ಎಂಬ ಮಾತು ಫೋನಿನಲ್ಲಿ, ಕನ್ನಡದಲ್ಲೋ ಮರಾಠಿಯಲ್ಲೋ, ಸಭಾಪಾಲಕರ ಕಿವಿಗೆ ಬೀಳದಂತೆ ನಡೆಯುತ್ತದೆ.